ಚೀಲದಲ್ಲಿ ಎರಡು ಕಲ್ಲು

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವ. ಅಡಿಕೆ ಖರೀದಿ ಅಂಗಡಿಯೊಂದರಲ್ಲಿ ತೂಕ ಮತ್ತು ಲೆಕ್ಕ ಬರೆಯುವ ಕೆಲಸ. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ, ದಶಮಾಂಶ ಕೊಡುತ್ತೇನೆ, ಸಭೆಯ ಕಮಿಟಿಯಲ್ಲೂ ಇದ್ದೇನೆ. ಆದರೆ ಅಂಗಡಿಯಲ್ಲಿ ಗೋಣಿಯ ತೂಕ ಎಂದು ನಿಜಕ್ಕಿಂತ ಜಾಸ್ತಿ ಕಳೆಯುವ ಕ್ರಮ ಉಂಟು. ಧಣಿ ಹೇಳಿದ್ದನ್ನು ಬರೆಯುವವ ನಾನೇ. ಇನ್ನು ಜಾಗದ ಗಡಿಯ ವಿಷಯದಲ್ಲಿ ಅಣ್ಣನ ಜೊತೆ ಮಾತು ಬಿಟ್ಟು ಆರು ವರ್ಷವಾಯಿತು. ಮೊನ್ನೆ ಪ್ರಸಂಗದಲ್ಲಿ ‘ಪೂರ್ಣಹೃದಯದಿಂದ ದೇವರಿಗೆ ವಿಧೇಯರಾಗಿರಿ’ ಎಂದರು. ಉಳಿದದ್ದೆಲ್ಲ ಸರಿ ಇದ್ದು ಒಂದೆರಡು ಸರಿ ಇಲ್ಲದಿದ್ದರೆ ಅದನ್ನೂ ದೇವರು ಹಿಡಿಯುತ್ತಾನೆಯೇ? ಮನಸ್ಸಿಲ್ಲದೆ ಮಾಡಿದರೆ ಅದು ಕಪಟವಾಗುವುದಿಲ್ಲವೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಕೆಲಸವೇ ತೂಕದ್ದು. ಹಾಗಾಗಿ ತಕ್ಕಡಿಯಿಂದಲೇ ಶುರು ಮಾಡೋಣ. ಧರ್ಮೋಪದೇಶಕಾಂಡ 25ನೇ ಅಧ್ಯಾಯದ 13ನೇ ವಚನ, ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ಎಂದು ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬಾರದು ಎನ್ನುತ್ತದೆ. ಆ ಕಾಲದಲ್ಲಿ ತೂಕದ ಬಟ್ಟು ಎಂದರೆ ಕಲ್ಲೇ. ಕೊಳ್ಳುವಾಗ ಭಾರದ ಕಲ್ಲು, ಮಾರುವಾಗ ಹಗುರದ ಕಲ್ಲು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಮುಂದೆ 15ನೇ ವಚನದಲ್ಲಿ ನಿನ್ನ ಕಲ್ಲು ‘ಪೂರ್ಣ’ವಾಗಿರಲಿ ಎಂದಿದೆ. ಅಲ್ಲಿರುವ ಹೀಬ್ರೂ ಪದ ‘ಶಾಲೇಮ್’. ಸತ್ಯವೇದದ ಅರಸರ ಚರಿತ್ರೆಯಲ್ಲಿ ‘ಪೂರ್ಣಹೃದಯ’ ಎಂದು ಬರುವ ಕಡೆಯೂ ಇರುವುದು ಇದೇ ಪದ. ಇದಕ್ಕೆ ವಿರುದ್ಧವಾದ ಮಾತು ಕೀರ್ತನೆ 12ರ 2ನೇ ವಚನದಲ್ಲಿದೆ. ಎರಡು ನಾಲಿಗೆಯ ಜನರನ್ನು ಹೇಳುವಾಗ ಹೀಬ್ರೂ ಮೂಲದಲ್ಲಿ ಇರುವ ಮಾತು ಅಕ್ಷರಶಃ ‘ಒಂದು ಹೃದಯ, ಇನ್ನೊಂದು ಹೃದಯ’. ಚೀಲದಲ್ಲಿ ಎರಡು ಕಲ್ಲು ಇದ್ದ ಹಾಗೆ ಎದೆಯಲ್ಲಿ ಎರಡು ಹೃದಯ.

ಆದ್ದರಿಂದ ಪೂರ್ಣಹೃದಯವೆಂದರೆ ಭಕ್ತಿಯ ಬಿಸಿ ಎಷ್ಟು ಏರಿದೆ ಎಂಬುದಲ್ಲ, ತಪ್ಪೇ ಮಾಡದಿರುವುದೂ ಅಲ್ಲ. ದೇವರ ಮಾತಿಗೆ ಎಲ್ಲ ಕಡೆಯೂ ಒಂದೇ ಕಲ್ಲಿನಿಂದ ತೂಗುವುದು. ಆರಾಧನೆಗೆ ಒಂದು ಕಲ್ಲು, ಅಂಗಡಿಗೆ ಒಂದು, ಅಣ್ಣನ ಮನೆಯ ಅಂಗಳಕ್ಕೆ ಮತ್ತೊಂದು ಎಂದಾದರೆ ಹೃದಯ ಒಡೆದಿದೆ ಎಂದರ್ಥ.

ತಪ್ಪಿಲ್ಲದಿರುವುದು ಅದರ ಅರ್ಥವಲ್ಲ ಎಂಬುದಕ್ಕೆ ಆಸ ಅರಸನೇ ಸಾಕ್ಷಿ. 1 ಅರಸುಗಳು 15ರ 14ನೇ ವಚನ ಅವನು ಪೂಜಾಸ್ಥಳಗಳನ್ನು ತೆಗೆದುಹಾಕಲಿಲ್ಲ ಎಂದು ಕೊರತೆಯನ್ನು ಬರೆದು, ಅದೇ ಉಸಿರಿನಲ್ಲಿ ಅವನ ಹೃದಯ ಯೆಹೋವನ ಕಡೆಗೆ ಜೀವಮಾನವೆಲ್ಲ ಪೂರ್ಣವಾಗಿತ್ತು ಎನ್ನುತ್ತದೆ. ಅದೇ ಅಧ್ಯಾಯ ಪೂರ್ಣಹೃದಯಕ್ಕೆ ಅಳತೆಗೋಲಾಗಿ ಹಿಡಿಯುವುದು ದಾವೀದನನ್ನು. ಅವನು ವ್ಯಭಿಚಾರವನ್ನೂ ಕೊಲೆಯನ್ನೂ ಮಾಡಿದವನು. ಆದರೆ ಪ್ರವಾದಿ ನಾತಾನನು ಬಂದು ಬೆರಳು ತೋರಿಸಿದಾಗ ಅವನು ಹೇಳಿದ್ದು ಇಷ್ಟೇ: ನಾನು ಪಾಪಮಾಡಿದ್ದೇನೆ. ತನಗಾಗಿ ಬೇರೆ ಕಲ್ಲೊಂದನ್ನು ಚೀಲದಿಂದ ತೆಗೆಯಲಿಲ್ಲ.

ಇಸ್ರಾಯೇಲಿನ ಮೊದಲ ಅರಸ ಸೌಲ ತೆಗೆದ. 1 ಸಮುವೇಲ 15ನೇ ಅಧ್ಯಾಯವನ್ನು ಒಮ್ಮೆ ಲೆಕ್ಕದ ಪುಸ್ತಕದಂತೆ ಓದಿ ನೋಡಿ. ಅಮಾಲೇಕ್ಯರನ್ನೂ ಅವರಿಗಿರುವುದೆಲ್ಲವನ್ನೂ ನಾಶಮಾಡು ಎಂಬ ಆ ಯುದ್ಧದ ಆಜ್ಞೆಯೇ ಬೇರೊಂದು ಕಠಿಣ ಪ್ರಶ್ನೆ. ಅದನ್ನು ಯಾರೂ ಇಂದಿಗೆ ಮಾದರಿಯಾಗಿ ಹಿಡಿಯಕೂಡದು. ಇಲ್ಲಿ ನೋಡಬೇಕಾದದ್ದು ಸೌಲ ಕೊಟ್ಟ ಲೆಕ್ಕವನ್ನು. 9ನೇ ವಚನದಲ್ಲಿ ಒಳ್ಳೆಯ ಕುರಿ, ದನಗಳನ್ನು ಉಳಿಸಿಕೊಂಡು ಕೆಲಸಕ್ಕೆ ಬಾರದ್ದನ್ನು ನಾಶಮಾಡಿದರು. 13ರಲ್ಲಿ ‘ಆಜ್ಞೆಯನ್ನು ನೆರವೇರಿಸಿದ್ದೇನೆ’ ಎನ್ನುತ್ತಾನೆ. ಹಿಂದಿನಿಂದ ಕುರಿಗಳು ಅರಚುತ್ತಿವೆ. 15ರಲ್ಲಿ ಉಳಿಸಿದವರು ‘ಜನರು’, ಉಳಿಸಿದ್ದು ಯಜ್ಞಕ್ಕಾಗಿ. 20ರಲ್ಲಿ ಮತ್ತೆ ‘ನಾನು ಮಾತು ಕೇಳಿದ್ದೇನಲ್ಲ’. 24ರಲ್ಲಿ ಕೊನೆಗೂ ನಿಜ ಹೊರಬರುತ್ತದೆ, ಜನರಿಗೆ ಹೆದರಿದೆ ಎಂದು. 30ರಲ್ಲಿ ಪಾಪಮಾಡಿದ್ದೇನೆ ಎಂದವನೇ ಹಿರಿಯರ ಮುಂದೆ ನನ್ನ ಮಾನ ಉಳಿಸು ಎಂದು ಕೇಳುತ್ತಾನೆ. ಈ ನಾಲ್ಕೂ ನೆಪಗಳು ಇಂದಿಗೂ ಬಳಕೆಯಲ್ಲಿವೆ: ಹೆಚ್ಚಿನದ್ದು ಮಾಡಿದ್ದೇನೆ, ಮಾಡಿದವರು ಬೇರೆಯವರು, ದೇವರಿಗೇ ಕೊಡುತ್ತೇನೆ, ಸಭೆಯಲ್ಲಿ ಹೆಸರು ಕೆಡಬಾರದು. ತೂಕದಲ್ಲಿ ಹೊಡೆದ ಅಡಿಕೆಯ ಹಣದಿಂದ ಬೆಳೆಹಬ್ಬದ ಏಲಂನಲ್ಲಿ ಹಲಸಿನಹಣ್ಣಿಗೆ ಎಲ್ಲರಿಗಿಂತ ಹೆಚ್ಚು ಕೂಗುವುದು ಮೂರನೆಯ ನೆಪದ ನಮ್ಮೂರ ರೂಪ.

ಹಾಗಾದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಹೌದು, ಹಿಡಿಯುತ್ತಾನೆ. 950 ಗ್ರಾಮಿನ ಬಟ್ಟಿನ ಮೇಲೆ 1 ಕಿಲೊ ಎಂದು ಬರೆದಿದ್ದರೆ ಅದಕ್ಕೆ 95 ಅಂಕ ಕೊಡುವವರಿಲ್ಲ. ಅದು ಪ್ರತಿ ಸಲವೂ ಸುಳ್ಳು ತೂಕದ ಬಟ್ಟು. ನಿಮ್ಮ ದಶಮಾಂಶ, ಆರಾಧನೆ, ಕಮಿಟಿ ಕೆಲಸ ವ್ಯರ್ಥವೆಂದಲ್ಲ. ಅವುಗಳನ್ನು ಉಳಿದದ್ದಕ್ಕೆ ವಜಾ ಹಾಕಿಕೊಳ್ಳಲು ಬರುವುದಿಲ್ಲ ಎಂದಷ್ಟೇ.

ಎರಡನೆಯ ಪ್ರಶ್ನೆಗೆ ಕನ್ನಡವೇ ಅರ್ಧ ಉತ್ತರ ಕೊಡುತ್ತದೆ. ಹುಡುಗ ವಿಧೇಯ ಎನ್ನಲು ನಮ್ಮ ಮನೆಗಳಲ್ಲಿ ‘ಮಾತು ಕೇಳುತ್ತಾನೆ’ ಎನ್ನುತ್ತೇವೆ. ಹೀಬ್ರೂವಿನಲ್ಲೂ ಹಾಗೆಯೇ: ‘ಶೆಮಾ’ ಎಂದರೆ ಕೇಳು, ಅದೇ ಪದಕ್ಕೆ ವಿಧೇಯನಾಗು ಎಂಬ ಅರ್ಥವೂ ಉಂಟು. ‘ಇಸ್ರಾಯೇಲ್ಯರೇ, ಕೇಳಿರಿ’ ಎಂದು ಶುರುವಾಗುವ ಧರ್ಮೋಪದೇಶಕಾಂಡ 6ರ 4ನೇ ವಚನದ ಮೊದಲ ಪದ ಅದು. ಹೊಸ ಒಡಂಬಡಿಕೆಯ ಗ್ರೀಕ್ ಪದವೂ ಕೇಳುವುದರಿಂದಲೇ ಹುಟ್ಟಿದ್ದು. ಮಾತು ಕೇಳುವ ಹುಡುಗ ಅಂಗಡಿಗೆ ಹೋಗು ಎಂದರೆ ಗೊಣಗುತ್ತಲೇ ಹೋಗುವುದೂ ಉಂಟು. ಅವನನ್ನು ಯಾರೂ ಕಪಟಿ ಎನ್ನುವುದಿಲ್ಲ. ಮತ್ತಾಯ 21ರಲ್ಲಿ ಯೇಸು ಹೇಳಿದ ಇಬ್ಬರು ಮಕ್ಕಳಲ್ಲಿ ‘ಹೋಗುವುದಿಲ್ಲ’ ಎಂದು ಆಮೇಲೆ ದ್ರಾಕ್ಷಿತೋಟಕ್ಕೆ ಹೋದವನೇ ತಂದೆಯ ಇಷ್ಟ ನೆರವೇರಿಸಿದವನು. ಯೇಸುವೇ ಗೆತ್ಸೇಮನೆಯಲ್ಲಿ ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಎಂದು ಬೇಡಿ, ಆದರೂ ನಿನ್ನ ಚಿತ್ತದಂತೆ ಆಗಲಿ ಎಂದನು. ಯೇಸು ಹೀಗೆ ಮೂರು ಸಲ ಪ್ರಾರ್ಥಿಸಿದನೆಂದು ಮತ್ತಾಯನು ಬರೆದಿದ್ದಾನೆ. ಗೆತ್ಸೇಮನೆಯಲ್ಲಿ ಉತ್ಸಾಹ ಕಾಣುವುದಿಲ್ಲ, ಲೂಕನು ಬರೆದಂತೆ ಬೆವರು ಕಾಣುತ್ತದೆ. ಮನಸ್ಸು ಹಿಂಜರಿಯುವಾಗಲೂ ಮಾಡುವುದು ಕಪಟವಲ್ಲ. ಮಾಡದೆ ಮಾಡಿದೆ ಎನ್ನುವುದು, ಅರ್ಧ ಕೊಟ್ಟು ಪೂರ್ತಿ ಕೊಟ್ಟೆ ಎನ್ನುವುದು ಕಪಟ. ಹೊಲ ಮಾರಿದ ಹಣದಲ್ಲಿ ಒಂದು ಪಾಲು ಬಚ್ಚಿಟ್ಟು ಪೂರ್ತಿ ಎಂಬಂತೆ ತಂದ ಅನನೀಯನ ಸಂಗತಿಯಲ್ಲಿ ಪೇತ್ರನು ಇದನ್ನು ಬಿಡಿಸಿಯೇ ಹೇಳುತ್ತಾನೆ (ಅಪೊಸ್ತಲರ ಕೃತ್ಯಗಳು 5:4): ಹೊಲ ನಿನ್ನದೇ ಆಗಿತ್ತು, ಮಾರಿದ ಹಣವೂ ನಿನ್ನ ಕೈಯಲ್ಲೇ ಇತ್ತು. ತಪ್ಪು ಇಟ್ಟುಕೊಂಡದ್ದರಲ್ಲಿರಲಿಲ್ಲ, ಸುಳ್ಳಿನಲ್ಲಿತ್ತು. ಆದ್ದರಿಂದ ಪ್ರಾರ್ಥಿಸುವಾಗ ‘ಕರ್ತನೇ, ನನಗೆ ಮನಸ್ಸಿಲ್ಲ, ಆದರೂ ಹೋಗುತ್ತೇನೆ’ ಎಂದೇ ಹೇಳಬಹುದು.

ಇದರ ಇನ್ನೊಂದು ಬದಿಯನ್ನೂ ಹೇಳಬೇಕು. ವಿಧೇಯತೆ ಹುಳಿಯಾಗುವುದುಂಟು. ಅಡಿಕೆಗೆ ಕೊಳೆರೋಗದ ಮದ್ದು ಬಿಡುವವರಿಗೆ ಗೊತ್ತು: 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ. ಸುಣ್ಣ ಕಡಿಮೆಯಾದರೆ ದ್ರಾವಣದಲ್ಲಿ ಹುಳಿ ಉಳಿದು ಎಳೆಕಾಯಿ, ಸೋಗೆ ಸುಡುತ್ತದೆ. ನೋಡಲು ನೀಲಿಯೇ. ಪರೀಕ್ಷೆಗೆ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಕೃಪೆ ಸೇರದ ವಿಧೇಯತೆಗೂ ಇಂಥ ಗುರುತಿದೆ. ಲೂಕ 15ರ 29ರಲ್ಲಿ ಹಿರಿಯ ಮಗ ತಂದೆಗೆ ‘ನಿನ್ನ ಒಂದು ಅಪ್ಪಣೆಯನ್ನಾದರೂ ಮೀರಲಿಲ್ಲ’ ಎನ್ನುತ್ತಾನೆ. ಮಾತು ಸುಳ್ಳಲ್ಲ. ಆದರೆ ಮನೆಗೆ ಮರಳಿದ ತಮ್ಮನನ್ನು ಅದ್ದಿದ ಕೂಡಲೇ ಕೆಂಪು ಕಾಣಿಸಿತು. ನೀವು ಒಂದು ವಿಷಯದಲ್ಲಿ ಮಾತು ಕೇಳಿದ ಮೇಲೆ, ಕೇಳದವರ ಮೇಲೆ ಸಿಟ್ಟು ಏರಿದರೆ ಅದೇ ಗುರುತು. ಆಗ ವಿಮೋಚನಕಾಂಡ 20ರ ಕ್ರಮವನ್ನು ನೆನಪಿಸಿಕೊಳ್ಳಿ. 2ನೇ ವಚನದಲ್ಲಿ ದೇವರು ನಿಮ್ಮನ್ನು ಬಿಡಿಸಿದೆ ಎನ್ನುತ್ತಾನೆ, ಆಜ್ಞೆಗಳು ಶುರುವಾಗುವುದು 3ರಿಂದ. ಬಿಡುಗಡೆ ಆಜ್ಞೆ ಪಾಲಿಸಿದ್ದಕ್ಕೆ ಸಿಕ್ಕ ಕೂಲಿಯಲ್ಲ.

ಈಗ ಎಲ್ಲಿಂದ ಶುರು ಎಂಬುದು. ಎಲ್ಲವನ್ನೂ ಒಟ್ಟಿಗೆ ಸರಿಮಾಡುತ್ತೇನೆಂದು ಹೊರಡುವವರು ಒಂದನ್ನೂ ಮುಗಿಸುವುದಿಲ್ಲ. ನಿಮ್ಮ ಎರಡು ವಿಷಯಗಳಲ್ಲಿ ಅಣ್ಣನದ್ದೇ ಮೊದಲು ಆಗಲಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ, ದುಡ್ಡೂ ಬೇಡ, ಈ ವಾರವೇ ಆಗುತ್ತದೆ. ಯಜ್ಞವೇದಿಯ ಮುಂದೆ ಕಾಣಿಕೆ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಎಂಬ ಮತ್ತಾಯ 5ರ 23, 24ನೇ ವಚನಗಳಲ್ಲಿ ಒಂದು ಸೂಕ್ಷ್ಮ ಇದೆ. ಅಲ್ಲಿ ‘ನಿನಗೆ ಅವನ ಮೇಲೆ ಏನಾದರೂ ಇದ್ದರೆ’ ಎಂದಿಲ್ಲ, ‘ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ’ ಎಂದಿದೆ. ಗಡಿಯಲ್ಲಿ ನಿಮ್ಮದೇ ಸರಿ ಇದ್ದರೂ ಹೆಜ್ಜೆ ನಿಮ್ಮದೇ.

ಇಲ್ಲಿ ಕೆಡುವುದು ಎಲ್ಲೆಂದರೆ, ಜನ ಎರಡು ಸಂಗತಿಗಳನ್ನು ಕಲಸುತ್ತಾರೆ. ಗಡಿ ಎಲ್ಲಿ ಎಂಬುದು ಅಳತೆಯ ಪ್ರಶ್ನೆ. ಆರು ವರ್ಷದ ಮೌನ, ಆ ದಿನ ಆಡಿದ ಮಾತು ಪಾಪದ ಪ್ರಶ್ನೆ. ಮೊದಲ ಭೇಟಿಯಲ್ಲಿ ಎರಡನೆಯದ್ದು ಮಾತ್ರ. ಒಬ್ಬರೇ ಹೋಗಿ. ಫೋನು ಬೇಡ, ಅತ್ತಿಗೆಯ ಮೂಲಕ ಹೇಳಿಸುವುದು ಬೇಡ, ಕುಟುಂಬದ ವಾಟ್ಸ್ಆ್ಯಪ್ ಗುಂಪು ಅಂತೂ ಬೇಡವೇ ಬೇಡ. ಕ್ರಿಸ್ಮಸ್ಸಿಗೆ ಮಕ್ಕಳ ಕೈಯಲ್ಲಿ ಕುಸ್ವಾರಿನ (ಹಬ್ಬದ ತಿಂಡಿಗಳ) ತಟ್ಟೆ ಕಳಿಸುವುದು ಒಳ್ಳೆಯದೇ, ಆದರೆ ಅದು ಕ್ಷಮೆ ಕೇಳಿದ ಹಾಗಲ್ಲ. ಹೇಳಬೇಕಾದದ್ದು ಮೂರು ವಾಕ್ಯ: ‘ಅಣ್ಣಾ, ಆ ದಿನ ನಾನು ಆಡಿದ ಮಾತು ತಪ್ಪು. ಇಷ್ಟು ವರ್ಷ ನಿನ್ನ ಮೆಟ್ಟಿಲು ಹತ್ತದೆ ಇದ್ದದ್ದೂ ತಪ್ಪು. ಕ್ಷಮಿಸು.’ ನಾಲ್ಕನೆಯ ವಾಕ್ಯ ‘ಆದರೆ’ ಎಂದು ಶುರುವಾಗುವಂತಿದ್ದರೆ ನುಂಗಿಬಿಡಿ. ಮೊದಲ ಮೂರನ್ನೂ ಅದು ಅಳಿಸಿಹಾಕುತ್ತದೆ. ಅವರು ಬಾಗಿಲು ತೆರೆಯದೆ ಇರಬಹುದು, ಬೈಯಲೂಬಹುದು. ಸಾಧ್ಯವಾದರೆ, ನಿಮ್ಮಿಂದಾಗುವಷ್ಟು, ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದು ರೋಮಾಪುರದವರಿಗೆ 12ರ 18ರಲ್ಲಿ ಪೌಲನು ಎರಡು ಷರತ್ತು ಹಾಕಿಯೇ ಬರೆದಿದ್ದಾನೆ. ಅವರ ಉತ್ತರದ ಹೊಣೆ ನಿಮ್ಮದಲ್ಲ. ಗಡಿಯ ಮಾತು ಕೆಲವು ವಾರ ಕಳೆದ ಮೇಲೆ ಬರಲಿ: ಸರ್ವೆಯವರನ್ನು ಕರೆಸೋಣ, ಖರ್ಚು ಅರ್ಧ ಅರ್ಧ, ಅಳತೆ ಬಂದಂತೆ ಕಲ್ಲು ಹಾಕೋಣ ಎಂದು. ಕ್ಷಮೆ ಕೇಳಿದವನು ತನ್ನ ಪಾಲಿನ ಸೆಂಟ್ಸುಗಳನ್ನೂ ಬಿಟ್ಟುಕೊಡಬೇಕೆಂದು ಎಲ್ಲೂ ಹೇಳಿಲ್ಲ. ಬಿಟ್ಟುಕೊಡುವ ಮನಸ್ಸು ಬಂದರೆ ಅದು ಬೇರೆ.

ಅಂಗಡಿಯದ್ದು ಹೆಚ್ಚು ಜಟಿಲ. ಮೊದಲಿಗೆ, ನಾಳೆಯೇ ರಾಜೀನಾಮೆ ಕೊಡಬೇಡಿ. ಲೂಕ 3ರ 12ರಿಂದ 14ರಲ್ಲಿ ಸುಂಕದವರು, ಸಿಪಾಯಿಗಳು ಬಂದು ಏನು ಮಾಡಬೇಕೆಂದು ಕೇಳಿದಾಗ ಸ್ನಾನಿಕನಾದ ಯೋಹಾನನು ಕೆಲಸ ಬಿಡಿ ಎನ್ನಲಿಲ್ಲ. ನೇಮಕವಾದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದನು. ಆದರೆ ಸುಳ್ಳು ಅಂಕಿ ನಿಮ್ಮ ಕೈಯಿಂದ ಬರೆಯುವುದು ಮಾತ್ರ ಕೂಡಲೇ ನಿಲ್ಲಬೇಕು. ಇದಕ್ಕೆ ದಾನಿಯೇಲನ ದಾರಿ ಅನುಕೂಲ. ಮೊದಲ ಅಧ್ಯಾಯದಲ್ಲಿ ಅವನು ಅರಸನ ಊಟ ಬೇಡವೆಂದು ಗಲಾಟೆ ಮಾಡಲಿಲ್ಲ. ಮನಸ್ಸಿನಲ್ಲಿ ನಿಶ್ಚಯಿಸಿ, ಅಧಿಕಾರಿಯನ್ನು ಮರ್ಯಾದೆಯಿಂದ ಕೇಳಿ, 10 ದಿನ ಪರೀಕ್ಷೆ ಮಾಡಿ ನೋಡಿ ಎಂದನು. ನೀವೂ ಬೇರೆ ಬೇರೆ ಬಗೆಯ 10 ಖಾಲಿ ಗೋಣಿಗಳನ್ನು ತೂಗಿ ಸರಾಸರಿ ತೆಗೆಯಿರಿ. ಮಳೆಗಾಲದಲ್ಲಿ ಗೋಣಿ ನೀರು ಹೀರಿ ಭಾರವಾಗುವುದರಿಂದ ಆಗ ಮತ್ತೊಮ್ಮೆ ತೂಗಬೇಕು. ಅದು ಧಣಿಗೂ ನ್ಯಾಯ. ಆ ಅಂಕಿ ಹಿಡಿದುಕೊಂಡು ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಬ್ಬರೇ ಹೋಗಿ ಹೇಳಿ: ‘ಧಣಿ, ಗೋಣಿಯ ತೂಕ ಇಷ್ಟೇ ಬರುತ್ತದೆ. 10 ದಿನ ಇದನ್ನೇ ಕಳೆದು ನೋಡೋಣ. ಇಲ್ಲದಿದ್ದರೆ ನನ್ನನ್ನು ಚಾಲಿ ಅಡಿಕೆ ವಿಂಗಡಿಸುವ ಕಡೆಗೆ ಹಾಕಿ. ತೂಕ ಬರೆಯುವುದು ನನ್ನಿಂದಾಗದು.’ ವಿಂಗಡಣೆಯಲ್ಲೂ ಒಳ್ಳೆಯ ಅಡಿಕೆಯನ್ನು ಕೀಳು ದರ್ಜೆಯ ಕರಿಗೋಟಿನ ರಾಶಿಗೆ ತಳ್ಳುವ ಕೈಚಳಕ ಉಂಟೆಂದು ನಿಮಗೆ ಹೇಳಿಕೊಡಬೇಕಿಲ್ಲ. ಕೆಲಸ ಬದಲಾದರೂ ಕಲ್ಲು ಒಂದೇ ಇರಲಿ.

ಸರಿಯಾದ ತೂಕ ಕೊಟ್ಟರೆ ವ್ಯಾಪಾರ ಹೆಚ್ಚುತ್ತದೆ, ದೇವರು ಎರಡರಷ್ಟು ಕೊಡುತ್ತಾನೆ ಎಂದು ಧಣಿಗೂ ಹೇಳಬೇಡಿ, ನೀವೂ ನಂಬಿಕೊಳ್ಳಬೇಡಿ. 2 ಪೂರ್ವಕಾಲವೃತ್ತಾಂತ 25ರಲ್ಲಿ ಬರುವ ಯೆಹೂದದ ಅರಸ ಅಮಚ್ಯನನ್ನು ನೋಡಿ. ಎದೋಮ್ಯರ ಮೇಲಿನ ಯುದ್ಧಕ್ಕೆ ಇಸ್ರಾಯೇಲಿನಿಂದ 1,00,000 ಮಂದಿ ಸೈನಿಕರನ್ನು 100 ತಲಾಂತು ಬೆಳ್ಳಿ ಕೊಟ್ಟು ಕರೆಸಿದ್ದ. ಇಂದಿನ ಲೆಕ್ಕದಲ್ಲಿ ಸುಮಾರು 3 ಟನ್ ಬೆಳ್ಳಿ, ಅದೂ ಕೊಟ್ಟು ಮುಗಿದದ್ದು. ದೇವರ ಮನುಷ್ಯನು ಅವರನ್ನು ಕಳಿಸಿಬಿಡು ಎಂದಾಗ ಅವನು ಕೇಳಿದ್ದು ನಾವೆಲ್ಲ ಕೇಳುವುದನ್ನೇ: ಕೊಟ್ಟ ಹಣದ ಗತಿಯೇನು? ಯೆಹೋವನು ಅದಕ್ಕಿಂತ ಹೆಚ್ಚು ಕೊಡಶಕ್ತನು ಎಂಬ ಉತ್ತರ ಬಂತು. ಕಳಿಸಿದ. ಮುಂದೆ? ಯುದ್ಧ ಗೆದ್ದನೇನೋ ನಿಜ, ಆದರೆ ವಾಪಸು ಹೋದ ಆ ಸೈನಿಕರು ಯೆಹೂದದ ಪಟ್ಟಣಗಳ ಮೇಲೆ ಬಿದ್ದು 3,000 ಜನರನ್ನು ಕೊಂದು ಕೊಳ್ಳೆಹೊಡೆದರು. ಮಾತು ಕೇಳಿದ್ದಕ್ಕೆ ನಷ್ಟವೂ ಆಗಬಹುದು. ಅಮಚ್ಯನ ಕಥೆಯ ಇನ್ನೂ ಕಹಿಯಾದ ಭಾಗವೆಂದರೆ, ಅಷ್ಟು ದುಬಾರಿ ವಿಧೇಯತೆ ತೋರಿದವನೇ ಗೆದ್ದ ಮೇಲೆ ಎದೋಮ್ಯರ ವಿಗ್ರಹಗಳನ್ನು ತಂದು ಅಡ್ಡಬಿದ್ದ. 2ನೇ ವಚನ ಮೊದಲೇ ಅವನ ತೂಕ ಹೇಳಿತ್ತು: ಸರಿಯಾದದ್ದನ್ನೇ ಮಾಡಿದ, ಆದರೆ ಪೂರ್ಣಹೃದಯದಿಂದಲ್ಲ. ಶಾಲೇಮ್ ಅಲ್ಲ.

ಧಣಿ ಒಪ್ಪದಿದ್ದರೆ ಕೆಲಸ ಹೋಗಬಹುದು. ಅದನ್ನು ಮೊದಲೇ ಮನೆಯಲ್ಲಿ ಹೆಂಡತಿಯೊಂದಿಗೆ ಮಾತಾಡಿ. ನಿಮ್ಮ ವಿಧೇಯತೆಯ ಬೆಲೆಯನ್ನು ಅವರಿಗೆ ತಿಳಿಸದೆ ಅವರಿಂದ ಕಟ್ಟಿಸುವುದು ನ್ಯಾಯವಲ್ಲ. ಬೇರೆ ಕೆಲಸ ಹುಡುಕಲು ಒಂದು ಗಡುವು ಇಟ್ಟುಕೊಳ್ಳಿ. ಗಡುವಿಲ್ಲದ ‘ನೋಡೋಣ’ ಎಂದರೆ ಇಲ್ಲವೆಂದೇ ಅರ್ಥ. ಸಭೆಯ ನಂಬಿಕಸ್ಥ ಹಿರಿಯರೊಬ್ಬರಿಗೆ ಆ ತಾರೀಕು ಗೊತ್ತಿರಲಿ.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಲೇಬೇಕು. ಪೂರ್ಣ ವಿಧೇಯತೆ ದೇವರಿಗೆ ಸಲ್ಲುವಂಥದ್ದು. ದೇವರ ಹೆಸರು ಹೇಳಿಕೊಂಡು ಬರುವ ಎಲ್ಲರಿಗೂ ಅಲ್ಲ. ‘ದರ್ಶನವಾಯಿತು, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸು’ ಎನ್ನುವವರಿಗೆ, ಹೊಡೆಯುವ ಗಂಡನ ಹತ್ತಿರ ಮರಳಿ ಹೋಗುವುದೇ ವಿಧೇಯತೆ ಎನ್ನುವವರಿಗೆ, ಲೆಕ್ಕ ಕೇಳಬೇಡ, ಕೊಡು ಎನ್ನುವವರಿಗೆ ಮಾತು ಕೇಳದಿರುವುದೇ ಸರಿ. ಬೆರೋಯದವರು ಪೌಲನ ಮಾತನ್ನೂ ಹಾಗೆಯೇ ನುಂಗಲಿಲ್ಲ, ಹೌದೋ ಅಲ್ಲವೋ ಎಂದು ದಿನವೂ ಶಾಸ್ತ್ರಗ್ರಂಥ ನೋಡಿದರು. ಅದಕ್ಕೆ ಅವರಿಗೆ ಹೊಗಳಿಕೆಯೇ ಸಿಕ್ಕಿತು.

ಹಾಗೆಯೇ ಸ್ವಂತ ಮನಸ್ಸನ್ನು ಹಗಲೂ ರಾತ್ರಿ ಅಗೆಯುವುದೂ ಬೇಡ. ವಾರಕ್ಕೊಮ್ಮೆ, ಶನಿವಾರ ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ 10 ನಿಮಿಷ ಸಾಕು. ಕೀರ್ತನೆ 139ರ 23, 24ನೇ ವಚನಗಳನ್ನು ಓದಿ, ನೆನಪಿಗೆ ಬಂದ ಒಂದೇ ವಿಷಯವನ್ನು ಬರೆದುಕೊಳ್ಳಿ: ಯಾರ ಹತ್ತಿರ, ಏನು, ಯಾವ ದಿನ. ‘ನಾನು ಇನ್ನೂ ಒಳ್ಳೆಯವನಾಗಬೇಕು’ ಎಂಬಂಥ ಹೆಸರಿಲ್ಲದ ಅಪರಾಧಭಾವ ಬಂದರೆ ಅದನ್ನು ಬರೆಯಬೇಡಿ. ಅಂಥದ್ದಕ್ಕೆ ಮಾಡುವ ಕೆಲಸ ಏನೂ ಇರುವುದಿಲ್ಲ, ಸುಮ್ಮನೆ ಸುಸ್ತು.

ಇನ್ನು ಹಳೆಯ ಲೆಕ್ಕ. ಯಾಜಕಕಾಂಡ 6ನೇ ಅಧ್ಯಾಯದ ಮೊದಲ ವಚನಗಳು ಇದಕ್ಕೆ ಕ್ರಮ ಹೇಳುತ್ತವೆ: ಮೋಸದಿಂದ ತೆಗೆದುಕೊಂಡದ್ದರ ಅಸಲು, ಜೊತೆಗೆ ಐದರಲ್ಲಿ ಒಂದು ಪಾಲು, ಯಾರದ್ದೋ ಅವರಿಗೇ, ಪ್ರಾಯಶ್ಚಿತ್ತದ ಯಜ್ಞ ಆಮೇಲೆ. ಸುಂಕದವನಾದ ಜಕ್ಕಾಯನು ತಾನಾಗಿಯೇ ನಾಲ್ಕರಷ್ಟು ಎಂದ. ಇವು ಇಂದು ನಮ್ಮ ಮೇಲೆ ಕಾನೂನಾಗಿ ಇಲ್ಲ, ಆದರೆ ದಿಕ್ಕು ಸ್ಪಷ್ಟ: ಹಿಂದಿರುಗಿಸುವಾಗ ಅದರ ನೋವು ಮೋಸಮಾಡಿದವನಿಗೇ ತಟ್ಟಬೇಕು. ಅಂಗಡಿಯ ಲಾಭವೆಲ್ಲ ನಿಮ್ಮದಲ್ಲ. ಆದರೆ ಈ ಕಳೆಯುವಿಕೆಯಿಂದ ಬೋನಸ್ಸೋ ಪಾಲೋ ಆಗಿ ನಿಮ್ಮ ಕೈಗೆ ಬಂದದ್ದು ನಿಮ್ಮ ಹೊಣೆ. ಅದು 5,000 ರೂಪಾಯಿ ಎಂದಾದರೆ ಹಿಂದಿರುಗಬೇಕಾದದ್ದು 6,000. ರೈತರ ಹತ್ತಿರ ಹೋಗುವ ಮೊದಲು ಧಣಿಗೆ ತಿಳಿಸಿ, ಏಕೆಂದರೆ ನೀವು ಬಾಯಿ ತೆರೆದರೆ ಅವರ ವಿಷಯವೂ ಹೊರಬರುತ್ತದೆ. ನಿಮ್ಮ ತಪ್ಪನ್ನು ನೀವು ಒಪ್ಪಿಕೊಳ್ಳಿ, ಅವರದ್ದನ್ನು ಊರಿಗೆ ಸಾರಬೇಡಿ. ಆದರೆ ರೈತನೇ ಎದುರು ನಿಂತು ಕೇಳಿದರೆ ಸುಳ್ಳು ಹೇಳಬೇಡಿ. ರೈತ ತೀರಿಹೋಗಿದ್ದರೆ ಅವರ ಮಕ್ಕಳಿಗೆ ಕೊಡಿ. ಅರಣ್ಯಕಾಂಡ 5ರ 8ನೇ ವಚನ, ತೆಗೆದುಕೊಳ್ಳಲು ನಂಟರೇ ಇಲ್ಲದಿದ್ದಾಗ ಮಾತ್ರ ಅದು ಯೆಹೋವನ ಪಾಲು ಎನ್ನುತ್ತದೆ. ಈ ಕ್ರಮವನ್ನು ತಿರುಗಿಸಬೇಡಿ. ಹುಡುಕುವುದು ಕಷ್ಟವೆಂದು ನೇರ ಕಾಣಿಕೆ ಪೆಟ್ಟಿಗೆಗೆ ಹಾಕಿದರೆ ಅದು ಸೌಲನ ಕುರಿಯೇ. ಎಷ್ಟು ಹುಡುಕಿದರೂ ಯಾರದ್ದೆಂದು ತಿಳಿಯದೆ ಉಳಿದದ್ದು ಬಡವರಿಗೆ ಹೋಗಲಿ. ಆ ಹಣಕ್ಕೆ ರಸೀದಿ ಬೇಡ, ಸಭೆಯ ದಾನಿಗಳ ಪಟ್ಟಿಯಲ್ಲಿ ನಿಮ್ಮ ಹೆಸರೂ ಬೇಡ.